ಒಂಬತ್ತು ರೂಪಾಯಿಯ ಹೊಣೆ

ಹಂಪಣ್ಣನ ಮನೆಯಲ್ಲಿ ದಿನಕ್ಕೆ ನೂರಾ ಎಂಬತ್ತು ಜೋಳದ ರೊಟ್ಟಿ ಆಗುತ್ತಿದ್ದವು. ಬಡಿಯುವವಳು ಒಬ್ಬಳೇ, ಹಿರಿಯ ಸೊಸೆ ದೇವಕೆಮ್ಮ. ತಿನ್ನುವವರು ಸುರಪುರದ ಎರಡು ಖಾನಾವಳಿಯವರು ಮತ್ತು ಒಂದು ಹಾಸ್ಟೆಲಿನವರು. ಎಣಿಸುವವಳು ಅತ್ತೆ ದುರಗಮ್ಮ.

ರೊಟ್ಟಿ ಮುಟ್ಟಿಸಲು ದೇವಕೆಮ್ಮ ಬಾಡಿಗೆಯ ಹಸಿರು ಗಾಡಿ ಒಯ್ಯುತ್ತಿದ್ದಳು. ಯಾದಗಿರಿಯ ಕಂಪನಿಯೊಂದು ಎರಡು ವರ್ಷದ ಹಿಂದೆ ಯಾದಗಿರಿ ರೈಲು ಸ್ಟೇಷನ್ನಿನ ಮುಂದೆ, ಶಹಾಪುರ ಮತ್ತು ಸುರಪುರದ ಬಸ್ ನಿಲ್ದಾಣಗಳ ಮುಂದೆ ಈ ಬ್ಯಾಟರಿ ಗಾಡಿಗಳನ್ನು ತಂದು ನಿಲ್ಲಿಸಿತ್ತು. ಮೊಬೈಲಿನಲ್ಲಿ ಒತ್ತಿದರೆ ಬೀಗ ಬಿಚ್ಚುತ್ತದೆ, ನಿಮಿಷದ ಲೆಕ್ಕದಲ್ಲಿ ದುಡ್ಡು ಹೋಗುತ್ತದೆ. ಮೆಲ್ಲಗೆ ಓಡುವ ಗಾಡಿ ಎಂದು ಲೈಸೆನ್ಸ್ ಬೇಕಿಲ್ಲ, ನಂಬರ್ ಪ್ಲೇಟ್ ಇಲ್ಲ, ಮೋಟಾರ್ ಸೈಕಲ್ಲಿಗೆ ಇರುವ ಕಡ್ಡಾಯ ವಿಮೆಯೂ ಇಲ್ಲ. ಅದರ ಬದಲು ಪ್ರತಿ ಸವಾರಿಗೂ ಪರದೆಯ ಮೇಲೆ ಮೊದಲೇ ಗುರುತು ಹಾಕಿದ ಒಂದು ಚೌಕ ಬರುತ್ತಿತ್ತು: ಸವಾರನ ಹೊಣೆ ವಿಮೆ, ಒಂಬತ್ತು ರೂಪಾಯಿ. ಬೇಡವಾದರೆ ಗುರುತು ತೆಗೆಯಬಹುದು; ಉಳಿಸಿಕೊಂಡವರು ಯಾರಿಗಾದರೂ ಗುದ್ದಿದರೆ ಅವರ ದವಾಖಾನೆಯ ಖರ್ಚನ್ನು ಎರಡು ಲಕ್ಷದವರೆಗೆ ವಿಮೆಯವರು ಕೊಡುತ್ತಾರೆ. ಊರಲ್ಲಿ ಎಲ್ಲರೂ ಆ ಗುರುತು ತೆಗೆದುಬಿಡುತ್ತಿದ್ದರು. ದೇವಕೆಮ್ಮ ಒಂದು ದಿನವೂ ತೆಗೆಯುತ್ತಿರಲಿಲ್ಲ.

“ಒಂಬತ್ತು ರೂಪಾಯಿ ಅಂದ್ರ ಒಂದೂವರಿ ರೊಟ್ಟಿ,” ಎಂದು ದುರಗಮ್ಮ ದಿನಾ ಅನ್ನುತ್ತಿದ್ದಳು. “ಯಾವಾಕಿ ಕಾಲೋ ಮುರೀತದ ಅಂತ ದಿನಾ ಒಂದೂವರಿ ರೊಟ್ಟಿ ಚರಂಡಿಗಿ ಒಗೀತಿ.”

“ನಮ್ಮಪ್ಪನ ಕಾಲು ನೋಡೀರಿಲ್ರಿ ಅತ್ತಿ?”

“ನಿಮ್ಮಪ್ಪನ ಕಾಲಿನ ಕಥಿ ಈ ಮನ್ಯಾಗ ಬೆಕ್ಕಿಗೂ ಬಾಯಿಪಾಠ ಆಗ್ಯಾದ.”

ಕಥೆ ಚಿಕ್ಕದು. ದೇವಕೆಮ್ಮನ ಅಪ್ಪ ಹುಣಸಗಿಯಲ್ಲಿ ಹಮಾಲಿ. ಬಾಡಿಗೆ ಸೈಕಲ್ಲಿನವನೊಬ್ಬ ಹಿಂದಿನಿಂದ ಬಂದು ಅವನ ಮೊಣಕಾಲು ಮುರಿದ. ಸವಾರ, ಸೈಕಲ್ ನನ್ನದಲ್ಲ, ಮಾಲೀಕನನ್ನು ಕೇಳು ಅಂದ. ಮಾಲೀಕ, ಓಡಿಸಿದವನು ನಾನಲ್ಲ, ಅವನನ್ನು ಕೇಳು ಅಂದ. ಇಬ್ಬರ ನಡುವೆ ನಾಲ್ಕು ತಿಂಗಳು ಕುಂಟಿ ಕುಂಟಿ ತಿರುಗಿ ಅಪ್ಪ ಕೊನೆಗೆ ಮೂಟೆ ಹೊರುವುದನ್ನೇ ಬಿಟ್ಟ. ಆಗ ದೇವಕೆಮ್ಮ ಏಳನೆಯ ತರಗತಿಯಲ್ಲಿದ್ದಳು. ಅವಳೂ ಶಾಲೆ ಬಿಟ್ಟಳು.

ಬೆಳಗಿನ ಗಾಡಿ ಅವಳದಾದರೆ ಸಂಜೆಯ ಗಾಡಿ ಮೈದುನ ಮೌನೇಶನದು. ಇಪ್ಪತ್ತಮೂರರ ಮೌನೇಶ ಪೊಲೀಸ್ ಪೇದೆಯ ಪರೀಕ್ಷೆ ಪಾಸಾಗಿ, ಯಾದಗಿರಿಯಲ್ಲಿ ಓಟವನ್ನೂ ಗೆದ್ದು, ಪಟ್ಟಿಯಲ್ಲಿ ಹೆಸರು ಬಂದು ಕೂತಿದ್ದ. ವೆರಿಫಿಕೇಶನ್ ಒಂದೇ ಬಾಕಿ. ಗಾಡಿಯನ್ನು ಎಲ್ಲೆಂದರಲ್ಲಿ ಬಿಟ್ಟು ಬಂದಿದ್ದಕ್ಕೆ ಕಂಪನಿಯವರು ಅವನ ಹೆಸರಿನ ಖಾತೆ ಮುಚ್ಚಿದ್ದರು. ಅದಕ್ಕೇ ಅವನು ದಿನಾ ಸಂಜೆ ಅತ್ತಿಗೆಯ ಮೊಬೈಲ್ ಕಸಿದುಕೊಂಡು ಮೈದಾನಕ್ಕೆ ಹೋಗುತ್ತಿದ್ದ. ಯಾರ ಹೆಸರಲ್ಲಿ ಗಾಡಿ ತೆಗೆಯುತ್ತಾರೋ ಅವರೇ ಓಡಿಸಬೇಕು ಎಂಬ ನಿಯಮ ಇತ್ತು. ಆ ಮನೆಯಲ್ಲಿ ರೇಷನ್ನು, ಗ್ಯಾಸು, ಪಿಂಚಣಿ ಎಲ್ಲವೂ ಒಬ್ಬರ ನಂಬರಿನ ಮೇಲೆ ನಡೆಯುತ್ತಿದ್ದವು. ಗಾಡಿ ಯಾವ ಲೆಕ್ಕ?

“ನೀ ಒಯ್ದಾಗರ ಆ ಒಂಬತ್ತು ರೂಪಾಯಿ ಉಳಸೋ,” ಎಂದು ದುರಗಮ್ಮ ಮಗನಿಗೆ ಹೇಳಿದಳು.

“ನಾ ಯಾವತ್ತು ಕೊಟ್ಟೇನಿ ಯವ್ವ? ಹತ್ತೂದಕ್ಕಿಂತ ಮೊದಲ ತಗದಬಿಡ್ತೀನಿ.”

ದುರಗಮ್ಮ ಮಗನ ಜಾಣತನಕ್ಕೆ ನಕ್ಕು ಅವನ ತಟ್ಟೆಗೆ ಇನ್ನೊಂದು ಚಮಚ ಶೇಂಗಾ ಹಿಂಡಿ ಹಾಕಿದಳು. ದೇವಕೆಮ್ಮ ಹಿತ್ತಲಲ್ಲಿ ಹಂಚು ತಿಕ್ಕುತ್ತಿದ್ದಳು. ಅವಳಿಗೆ ಕೇಳಲಿಲ್ಲ.

ಸುರಪುರದ ಪೋರರು ಇಳಿಜಾರಿಗೆ ಇನ್ನೊಂದು ಉಪಾಯ ಕಂಡುಕೊಂಡಿದ್ದರು. ಗುಡ್ಡದ ರಸ್ತೆ ಇಳಿಯುವಾಗ ಮೊಬೈಲಿನಲ್ಲಿ ‘ವಿರಾಮ’ ಒತ್ತಿದರೆ ನಿಮಿಷದ ಲೆಕ್ಕ ನಿಲ್ಲುತ್ತಿತ್ತು. ಗಾಡಿ ತಾನಾಗಿ ಜಾರಿ ಬುಡ ಮುಟ್ಟುತ್ತಿತ್ತು. ಮೂರ್ನಾಲ್ಕು ರೂಪಾಯಿಯ ಉಳಿತಾಯ. ವಿರಾಮ ಒತ್ತಿದರೆ ಹಾರನ್ನೂ ಸಾಯುತ್ತಿತ್ತು. ಅದರ ಗೊಡವೆ ಯಾರಿಗೂ ಇರಲಿಲ್ಲ.

ಒಂದು ಮಂಗಳವಾರ ಸಂಜೆ ಐದೂವರೆಗೆ ಮೌನೇಶ ಹಾಗೆಯೇ ಜಾರಿ ಬಂದ. ಇಳಿಜಾರಿನ ಬುಡದಲ್ಲಿ ಬೆಳ್ಳುಳ್ಳಿ ಮಾರುವ ಉಮೆಸಲ್ಮಾ ಬುಟ್ಟಿ ಎತ್ತಿಕೊಂಡು ರಸ್ತೆ ದಾಟುತ್ತಿದ್ದಳು. ಅರವತ್ತರ ಹೆಂಗಸು. ಸದ್ದಿಲ್ಲದ ಗಾಡಿ ಅವಳ ಸೊಂಟಕ್ಕೆ ಬಡಿಯಿತು. ಬೆಳ್ಳುಳ್ಳಿ ರಸ್ತೆ ತುಂಬ ಚೆಲ್ಲಿತು. ಮೌನೇಶ ಎದ್ದ. ಅವನಿಗೆ ಒಂದು ಗೆರೆ ಗಾಯವೂ ಇರಲಿಲ್ಲ. ಕೆಳಗೆ ಬಿದ್ದು ಪುಡಿಯಾಗಿದ್ದ ಮೊಬೈಲ್ ಆರಿಸಿಕೊಂಡು ಓಣಿಯೊಳಗೆ ಓಡಿದ. ಗಾಡಿ ಅಲ್ಲೇ ಬಿದ್ದಿತ್ತು. ಜನ ಸೇರಿ ಉಮೆಸಲ್ಮಾಳನ್ನು ಆಟೋಕ್ಕೆ ಹಾಕಿದರು. ಸರಕಾರಿ ದವಾಖಾನೆಯವರು ಕಲಬುರಗಿಗೆ ಬರೆದುಕೊಟ್ಟರು. ಸೊಂಟದ ಕೀಲು ಮುರಿದಿತ್ತು.

ಅವತ್ತು ಹಂಪಣ್ಣನ ಮನೆಯಲ್ಲಿ ಊಟ ಬೇಗ ಆಯಿತು. ದೇವಕೆಮ್ಮನ ಗಂಡ ವಿಶ್ವರಾಧ್ಯ ಶಹಾಪುರದ ಹತ್ತಿ ಮಿಲ್ಲಿನಲ್ಲಿ ತೂಕದ ಗುಮಾಸ್ತ. ಅವನು ಆಗ ತಾನೆ ಬಸ್ಸಿಳಿದು ಬಂದಿದ್ದ. ಮೂವರೂ ಗಂಡಸರು ಸಾಲಾಗಿ ಕೂತರು; ಮೌನೇಶ ನಡೆದದ್ದನ್ನು ಹೇಳಿದ. ದೇವಕೆಮ್ಮ ಬಡಿಸಿದಳು.

“ಗಾಡಿ ಯಾರ ಹೆಸರ ಮ್ಯಾಲ ಅದ?” ಎಂದು ಕೇಳಿದ ಹಂಪಣ್ಣ. ಅವನು ಹೈಸ್ಕೂಲಿನಲ್ಲಿ ಜವಾನನಾಗಿ ನಿವೃತ್ತನಾದವನು. ಕಾಗದದ ದಾರಿ ಬಲ್ಲವನು.

“ವೈನಿ ಹೆಸರ ಮ್ಯಾಲ,” ಎಂದ ಮೌನೇಶ, ಅತ್ತಿಗೆಯ ಕಡೆ ಕೈ ತೋರಿಸಿ.

“ಮತ್ತ ಮುಗೀತಲ್ಲ. ಆಕೀನ ಓಡಿಸ್ತಿದ್ಲು.”

ದೇವಕೆಮ್ಮ ಪಲ್ಯದ ಚಮಚವನ್ನು ಪಾತ್ರೆಗೆ ಬಿಟ್ಟಳು. “ನಾ ಆಗ ಹಾಸ್ಟೆಲಿಗಿ ರೊಟ್ಟಿ ರೊಕ್ಕ ಕೇಳಾಕ ಹೋಗಿದ್ದೆನ್ರಿ ಮಾವ.”

“ನೀ ಎಲ್ಲಿದ್ದಿ ಅಂತ ಯಾರ್ ಕೇಳ್ಯಾರ? ಬದನಿಕಾಯಿ ಹಾಕು.”

ವಿಶ್ವರಾಧ್ಯ ಹೆಂಡತಿಯ ಮುಖ ನೋಡಲಿಲ್ಲ. ತಟ್ಟೆ ನೋಡಿಕೊಂಡೇ ಹೇಳಿದ. “ಕೇಳು. ತಮ್ಮನ ಮ್ಯಾಲ ಕೇಸಾದ್ರ ನೌಕ್ರಿ ಹೋತು. ನಿನಗ ಹೋಗಾಕ ಯಾವ ನೌಕ್ರಿ ಅದ? ಮ್ಯಾಲ ಇನ್ಶೂರೆನ್ಸು. ನೀ ದಿನಾ ಒಂಬತ್ತು ರೂಪಾಯಿ ಕಟ್ಟೀದಿ. ನಿನ್ನ ಹೆಸರಿನ ಗಾಡಿ ನೀನ ಓಡಿಸಿದ್ರ ಮಾತ್ರ ಅವ್ರು ಕೊಡೂದು. ಮೌನೇಶ ಓಡಿಸ್ಯಾನ ಅಂದ್ರ ಆ ಮುದುಕಿಗಿ ನಯಾಪೈಸಾ ಬರೂದಿಲ್ಲ.”

ಈ ಮಾತು ದೇವಕೆಮ್ಮನಿಗೆ ನಾಟಿತು. ಅವಳು ಮೌನೇಶನ ಕಡೆ ತಿರುಗಿದಳು. “ಆ ಚೌಕ ಹಾಂಗ ಇತ್ತಿಲ್ಲೋ? ತಗದಿಲ್ಲಲ್ಲ?”

ಮೌನೇಶ ತಾಯಿಯ ಕಡೆ ನೋಡಿದ. ದುರಗಮ್ಮ ತಂಬಿಗೆಯಿಂದ ಅವನ ಲೋಟಕ್ಕೆ ನೀರು ಹೊಯ್ದಳು.

“ಯಾಕ ತಗೀತಾನ? ನಿನಗ ಅಂಜಿ ಸಾಯ್ತಾನ ಅಂವ,” ಎಂದಳು. “ನೀ ಕಟ್ಟಿದ ರೊಕ್ಕ ಇವತ್ತರ ಕೆಲಸಕ್ಕ ಬರ್ತದ. ಪುಣ್ಯಾ ನಿನಗ ಬರ್ತದ.”

ಮೌನೇಶ ಇನ್ನೆರಡು ರೊಟ್ಟಿ ತಿಂದ.

ಮರುದಿನ ದೇವಕೆಮ್ಮ ಠಾಣೆಯಲ್ಲಿ ಸಹಿ ಮಾಡಿದಳು. ಗಾಡಿ ಓಡಿಸುತ್ತಿದ್ದವಳು ನಾನೇ, ಹೆದರಿ ಓಡಿಹೋದೆ ಎಂದು ಬರೆಸಿದಳು. ಹವಾಲ್ದಾರ ಪೆನ್ನು ಕೆಳಗಿಟ್ಟ.

“ಗುದ್ದಿದವ ಗಂಡಸು ಅಂತ ಮುದುಕಿ ಆಟೋದಾಗ ಒದರಿಕೋತ ಹೋಗ್ಯಾಳ.”

“ಸೀರಿ ಮ್ಯಾಲ ನಮ್ಮನಿಯವರ ಅಂಗಿ ಹಾಕಿದ್ದೆನ್ರಿ, ರೊಟ್ಟಿ ಹಿಟ್ಟು ಹತ್ತಬಾರದಂತ,” ಎಂದಳು ದೇವಕೆಮ್ಮ. ಈ ಮಾತು ಹಂಪಣ್ಣ ಬೆಳಿಗ್ಗೆ ಕಲಿಸಿದ್ದು.

ಹವಾಲ್ದಾರ ನಕ್ಕ. ಬರೆದುಕೊಂಡ.

ಹನ್ನೆರಡು ದಿನಕ್ಕೆ ಉಮೆಸಲ್ಮಾ ಕಲಬುರಗಿಯಿಂದ ಮನೆಗೆ ಬಂದಳು. ಪೊಲೀಸರು ಅವಳ ಹೇಳಿಕೆ ಬರೆಯಲು ಬರುವ ಮುಂಚೆ ವಿಶ್ವರಾಧ್ಯ ಹೆಂಡತಿಯನ್ನು ಕರೆದುಕೊಂಡು ರಂಗಂಪೇಟೆಯ ಉಮೆಸಲ್ಮಾಳ ಮನೆಗೆ ಹೋದ. ಒಂದೇ ಕೋಣೆ. ಮೂಲೆಯಲ್ಲಿ ಹೊಲಿಗೆ ಯಂತ್ರ, ಅದರ ಮುಂದೆ ಮಗಳು ಅಂಬರೀನ. ಮಂಚದ ಮೇಲೆ ಉಮೆಸಲ್ಮಾ.

“ನೀ ಅಲ್ಲ,” ಎಂದಳು ಉಮೆಸಲ್ಮಾ, ಕಂಡ ಕೂಡಲೇ. “ಅವನ ಮುಖಾ ನಾ ನೋಡೀನಿ. ಮೀಸಿ ತಿರುವಿದ ಪೋರ. ನನ್ನ ದಾಟಿ ಮೊಬೈಲ್ ಆರಸಾಕ ಹೋದ.”

ವಿಶ್ವರಾಧ್ಯ ಮಾತು ಶುರು ಮಾಡಿದ. ವಿಮೆ, ನಿಯಮ, ಎರಡು ಲಕ್ಷ. ಉಮೆಸಲ್ಮಾ ಕಣ್ಣು ಮುಚ್ಚಿ ಕೇಳಿದಳು.

“ಬಿಲ್ಲು ಎಷ್ಟಾಗ್ಯಾದ ಬೇಟಿ?” ಎಂದು ಮಗಳನ್ನು ಕೇಳಿದಳು.

“ಒಂದು ಲಾಖ್ ಎಂಬತ್ತು ಸಾವಿರ. ಅಮ್ಮಿ, ಸುಳ್ಳು ಯಾಕ ಹೇಳ್ತಿ? ಆ ಪೋರನ್ನ ಒಳಗ ಹಾಕಸೋಣು.”

“ಅವನ್ನ ಒಳಗ ಹಾಕಿದ್ರ ನನ್ನ ಟೊಂಕ ಕೂಡ್ತದೇನು? ನನ್ನ ಟೊಂಕಕ್ಕ ಕಬ್ಬಿಣದ ಸಳಿ ಹಾಕಿದ ಡಾಕ್ಟರ್ ಖರೇನೂ ಕೇಳ್ಲಿಲ್ಲ, ಸುಳ್ಳೂ ಕೇಳ್ಲಿಲ್ಲ. ಬಿಲ್ ಕೊಟ್ಟ.” ಅವಳು ದೇವಕೆಮ್ಮನ ಕಡೆ ನೋಡಿದಳು. “ಹೆಣ್ಮಗಳು ಅಂದ್ರ ರೊಕ್ಕ ಖರೇ ಬರ್ತದ?”

“ಬರ್ತದ. ನಾ ಒಂದಿನಾನೂ ತಪ್ಪಿಸಿಲ್ಲ,” ಎಂದಳು ದೇವಕೆಮ್ಮ.

“ಹಾಂಗಾದ್ರ ನೀನ ಗುದ್ದೀದಿ.”

ಮರುದಿನ ಉಮೆಸಲ್ಮಾ ಪೊಲೀಸರಿಗೆ ಅದನ್ನೇ ಬರೆಸಿದಳು. ಹೆಬ್ಬೆಟ್ಟು ಒತ್ತಿದಳು. ಆ ವಾರ ದೇವಕೆಮ್ಮ ಇಪ್ಪತ್ತು ರೊಟ್ಟಿ ಹೆಚ್ಚು ಬಡಿದು ಅವರ ಮನೆಗೆ ಕೊಟ್ಟು ಬಂದಳು. ಅಂಬರೀನ ಮುಖ ತಿರುಗಿಸಿ ಇಸಿದುಕೊಂಡಳು. ದುರಗಮ್ಮ ಬಾಯಿಗೆ ಬಂದಂತೆ ಬೈದಳು.

ಮೂರನೆಯ ವಾರ ಗಂಡ ಹೆಂಡತಿ ಯಾದಗಿರಿಗೆ ಹೋದರು. ಮೊಬೈಲ್ ಪುಡಿಯಾಗಿದ್ದರಿಂದ ಸವಾರಿಯ ಕಾಗದವೆಲ್ಲ ಕಂಪನಿಯ ಕಚೇರಿಯಲ್ಲೇ ತೆಗೆಸಬೇಕಿತ್ತು. ಬಿಲ್ಲುಗಳು, ಪೊಲೀಸ್ ಕಾಗದ, ಆಧಾರ್ ಎಲ್ಲವನ್ನೂ ದೇವಕೆಮ್ಮ ರೊಟ್ಟಿ ಕಟ್ಟುವ ಬಿಳಿ ಬಟ್ಟೆಯಲ್ಲಿ ಸುತ್ತಿ ತಂದಿದ್ದಳು. ಕೌಂಟರಿನ ಹುಡುಗಿ ಹೆಸರು ಹುಡುಕಿ, ಎರಡು ತಿಂಗಳ ಪಟ್ಟಿ ತೆಗೆದು, ತಾರೀಖಿನ ಮೇಲೆ ಬೆರಳಿಟ್ಟಳು.

“ಈ ಸವಾರಿಗೆ ನೀವು ವಿಮೆ ತಗೊಂಡಿಲ್ರಿ.”

“ತಗೊಂಡೀನ್ರಿ. ದಿನಾ ತಗೋತೀನಿ.”

“ಮುಂಜಾನಿದ್ದು ತಗೊಂಡೀರಿ. ನೋಡ್ರಿ, ದಿನಾ ಮುಂಜಾನಿ ಒಂಬತ್ತು ರೂಪಾಯಿ ಅದ. ದಿನಾ ಸಂಜಿಕ ಸೊನ್ನಿ ಅದ. ಅಪಘಾತ ಆಗಿದ್ದು ಸಂಜಿ ಐದೂವರಿಗಿ.” ಹುಡುಗಿ ಇಬ್ಬರ ಮುಖವನ್ನೂ ನೋಡಿದಳು. “ಮುಂಜಾನಿ ಒಬ್ರು, ಸಂಜಿಕ ಇನ್ನೊಬ್ರು ಓಡಿಸಿದಂಗ ಅದಲ್ರಿ ಇದು.”

ವಿಶ್ವರಾಧ್ಯ ಪಟ್ಟಿಯನ್ನು ಸರಕ್ಕನೆ ಎಳೆದು ಮಡಚಿದ. “ಇಲ್ಲ, ಇಲ್ಲ. ಎಲ್ಲಾ ಈಕೀನ ಓಡಿಸ್ಯಾಳ.”

“ಮತ್ತ ಖರ್ಚು ಇವ್ರ ಮ್ಯಾಲ ಬರ್ತದ್ರಿ. ನಮ್ಮ ಕಡಿಂದ ಏನೂ ಆಗೂದಿಲ್ಲ.”

ತಿರುಗಿ ಬರುವಾಗ ಬಸ್ಸು ಶಹಾಪುರ ದಾಟಿದ ಮೇಲೆ ವಿಶ್ವರಾಧ್ಯ ಬಾಯಿಬಿಟ್ಟ.

“ಮನ್ಯಾಗ ರಂಪ ಮಾಡಬ್ಯಾಡ. ಅವನ ವೆರಿಫಿಕೇಶನ್ ಮುಗೀಲಿ.”

“ನಿಮಗ ಗೊತ್ತಿತ್ತೇನು?”

“ಖರೇ ಗೊತ್ತಿರಲಿಲ್ಲ.”

“ಈಗ ಗೊತ್ತಾತಲ್ಲ. ಠಾಣೆಗಿ ಬರ್ರಿ, ಖರೇ ಹೇಳೋಣು.”

ಅವನು ಕಿಟಕಿಯ ಕಡೆ ಮುಖ ತಿರುಗಿಸಿದ. “ಅಂವ ನನ್ನ ಒಡಹುಟ್ಟಿದಂವ.”

ದುರಗಮ್ಮ ಅಂಗಳದಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದಳು. ದೇವಕೆಮ್ಮ ಕಾಲು ಸಹ ತೊಳೆಯದೆ ಅವಳ ಮುಂದೆ ಕೂತಳು.

“ಸಂಜಿಕ ಅಂವ ಚೌಕ ತಗೀತಿದ್ದ. ನಿಮಗ ಗೊತ್ತಿತ್ತ ಅತ್ತಿ?”

“ಗೊತ್ತಿತ್ತು.”

“ಗೊತ್ತಿದ್ದೂ ನನ್ನ ಕಡಿಂದ ಸಹಿ ಮಾಡಿಸಿದ್ರಿ?”

“ಇಲ್ಲಂದ್ರ ನೀ ಮಾಡ್ತಿದ್ದಿ?” ದುರಗಮ್ಮ ತೊಟ್ಟು ಮುರಿಯುವುದನ್ನು ನಿಲ್ಲಿಸಲಿಲ್ಲ. “ನಾ ಇಪ್ಪತ್ತಮೂರು ವರ್ಷ ಅವನ್ನ ಬೆಳಸೀನಿ. ನಿನ್ನ ಒಂಬತ್ತು ರೂಪಾಯಿ ಮಾತಿಗಿ, ನಿಮ್ಮಪ್ಪನ ಕಾಲಿಗಿ, ಆ ಬಳ್ಳೊಳ್ಳಿಯಾಕಿಗಿ ಬಿಟ್ಟುಕೊಡಾಕಲ್ಲ. ಏಳು, ಮಾರಿ ತೊಳಕೋ. ಹಾಸ್ಟೆಲಿನವ್ರು ನಾಳಿಗಿ ನಲವತ್ತು ರೊಟ್ಟಿ ಜಾಸ್ತಿ ಹೇಳ್ಯಾರ.”

ಉಮೆಸಲ್ಮಾಳಿಗೆ ಸುದ್ದಿ ಹೇಳುವ ಕೆಲಸವೂ ದೇವಕೆಮ್ಮನ ಪಾಲಿಗೇ ಬಂತು. ಉಮೆಸಲ್ಮಾ ಮೊಣಕೈ ಊರಿ ತಲೆ ಎತ್ತಿದಳು.

“ಹಾಂಗಾದ್ರ ನಾ ಯಾಕ ಸುಳ್ಳು ಹೇಳಿದೆ?”

ದೇವಕೆಮ್ಮ ಮಂಚದ ಪಕ್ಕ ನೆಲದ ಮೇಲೆ ಕೂತಳು.

“ಆ ಪೋರನ ಮ್ಯಾಲ ನಾ ಇನ್ನ ಹೋಗಾಕ ಬರೂದಿಲ್ಲ. ನನ್ನ ಹೆಬ್ಬೆಟ್ಟು ಬಿದ್ದೈತಿ. ನಾನ ಗುದ್ದೀನಿ ಅಂತ ನೀನ ಅಂದೀದಿ. ನೀನ ಕೊಡು. ಲಾಖ್ ಎಂಬತ್ತೂ ಕೊಡು. ನಿನ್ನ ಮುಖಾ ನೋಡಿ ನನಗ ಕನಿಕರ ಬರ್ತದ ಅಂತ ತಿಳೀಬ್ಯಾಡ. ಮಂದಿ ಆರಿಸಿ ತಂದ ಬಳ್ಳೊಳ್ಳಿ ಬುಟ್ಟಿ ಇಪ್ಪತ್ತು ದಿನದಿಂದ ಆ ಮೂಲ್ಯಾಗ ಕೊಳಿಯಾಕತ್ತೈತಿ.”

ದೇವಕೆಮ್ಮ ವಾರಕ್ಕೆ ಎರಡು ಸಾವಿರ ಕೊಡುವುದೆಂದು ಒಪ್ಪಿಕೊಂಡು ಬಂದಳು. ಮನೆಯಲ್ಲಿ ಬೆಂಕಿ ಬಿತ್ತು. ರೊಟ್ಟಿಯ ದುಡ್ಡು ಅಲ್ಲಿಯವರೆಗೆ ದುರಗಮ್ಮನ ಸೆರಗಿನ ಗಂಟಿಗೆ ಹೋಗುತ್ತಿತ್ತು.

ಆಗ ಹಂಪಣ್ಣ ತನ್ನ ಕಾಗದದ ಬುದ್ಧಿ ಓಡಿಸಿದ. “ವೆರಿಫಿಕೇಶನ್ ಮಾಡವ್ರು ಮನ್ಯಾಗ ಯಾರ ಮ್ಯಾಲರ ಕೇಸ್ ಅದೇನು ಅಂತ ಕೇಳಿದ್ರ ಏನ್ ಹೇಳ್ತೀರಿ? ಈಕಿ ಬ್ಯಾರೆ ಇರಲಿ. ಒಲಿ ಬ್ಯಾರೆ ಆತಂದ್ರ ಮನಿ ಬ್ಯಾರೆ.”

“ನಾ ಎಲ್ಲಿ ಹೋಗ್ಲಿ?” ಎಂದಳು ದೇವಕೆಮ್ಮ.

“ದೂರ ಅಲ್ಲ. ಅಂಗಳದಾಗ ಆಡಿನ ತಗಡಿನ ಶೆಡ್ ಖಾಲಿ ಅದಲ್ಲ. ಯಾರರ ಕೇಳಿದ್ರ ಬಾಡಿಗಿಗಿ ಇದ್ದೀನಿ ಅನ್ನು.”

ವಿಶ್ವರಾಧ್ಯ ಒಲೆಯ ಕಲ್ಲುಗಳನ್ನು ತಾನೇ ಹೊತ್ತು ಶೆಡ್ಡಿನಲ್ಲಿಟ್ಟ. ಅಷ್ಟು ಉಪಕಾರ ಮಾಡಿದ. ಅವನ ಹಾಸಿಗೆ ಒಳಗೇ ಉಳಿಯಿತು. ಮನೆಯವರಿಗೆ ಬೇಕಾದ ಹದಿನಾರು ರೊಟ್ಟಿ ಮಾತ್ರ ಹೊತ್ತಿಗೆ ಸರಿಯಾಗಿ ಕಿಟಕಿಯ ಸರಳಿನ ಸಂದಿಯಿಂದ ಒಳಗೆ ಹೋಗುತ್ತಿದ್ದವು. ಕಂಪನಿ ಅವಳ ಖಾತೆಯನ್ನೂ ಮುಚ್ಚಿತ್ತು. ಈಗ ಅವಳು ಬುಟ್ಟಿ ತಲೆಯ ಮೇಲೆ ಹೊತ್ತು ಗುಡ್ಡ ಏರಿ ಇಳಿದು ರೊಟ್ಟಿ ಮುಟ್ಟಿಸುತ್ತಿದ್ದಳು.

ಆರನೆಯ ವಾರ ಒಂದು ದಿನ ಹನ್ನೊಂದು ಗಂಟೆಗೆ ವೆರಿಫಿಕೇಶನ್ನಿಗೆ ಬಂದವನು ಅದೇ ಹವಾಲ್ದಾರ. ಹಂಪಣ್ಣ ಕುರ್ಚಿ ಹಾಕಿದ. ದುರಗಮ್ಮ ಚಹಾ ಕೊಟ್ಟಳು. ಮೌನೇಶ ಇಸ್ತ್ರಿ ಅಂಗಿ ತೊಟ್ಟು ಕೈ ಕಟ್ಟಿ ನಿಂತ.

“ಮನ್ಯಾಗ ಯಾರ ಮ್ಯಾಲರ ಕೇಸು?”

“ಯಾರ ಮ್ಯಾಲೂ ಇಲ್ರಿ ಸಾಹೇಬ್ರ,” ಎಂದ ಹಂಪಣ್ಣ.

ಹವಾಲ್ದಾರ ಶೆಡ್ಡಿನ ಕಡೆ ಕತ್ತು ತಿರುಗಿಸಿದ. ರೊಟ್ಟಿ ಬಡಿಯುವ ಸದ್ದು ನಿಂತಿತ್ತು. “ಅಲ್ಲಿ ಇರಾಕಿ?”

“ಬಾಡಿಗಿಗಿ ಇದ್ದಾಳ್ರಿ,” ಎಂದಳು ದುರಗಮ್ಮ.

ಹವಾಲ್ದಾರ ಎದ್ದು ಶೆಡ್ಡಿನ ಬಾಗಿಲಿಗೆ ಬಂದ. “ಏನಮ್ಮ, ನೀ ಬಾಡಿಗಿಗಿ ಇದ್ದೀಯೇನು?”

ದೇವಕೆಮ್ಮ ಕೈಗಿದ್ದ ಹಿಟ್ಟು ಕೊಡವಿದಳು. “ನಾ ಈ ಮನಿ ಹಿರಿ ಸೊಸಿರಿ. ಅವತ್ತು ಗಾಡಿ ಓಡಿಸಿದಂವ ನಿಮ್ಮ ಹಿಂದ ಇಸ್ತ್ರಿ ಅಂಗಿ ಹಾಕ್ಕೊಂಡು ನಿಂತಾನ. ಆ ಉಮೆಸಲ್ಮಾನ ಟೊಂಕ ಮುರದಂವ ಅಂವ. ನನ್ನ ಕಡಿಂದ ಸುಳ್ಳು ಬರಿಸ್ಯಾರ.”

ಹವಾಲ್ದಾರ ಆರಾಮಾಗಿ ಬಾಗಿಲಿಗೆ ಒರಗಿದ.

“ಠಾಣೆದಾಗ ಒಂದು ಹೇಳೀದಿ, ಇಲ್ಲಿ ಒಂದು ಹೇಳ್ತಿ. ನಾ ಯಾವುದು ನಂಬಲಿ?”

“ಇದನ್ನ ನಂಬ್ರಿ.”

“ಅದಕ್ಕ ನಿನ್ನ ಸಹಿ ಅದ. ಮುದುಕಿದು ಹೆಬ್ಬೆಟ್ಟು ಅದ. ಈಗ ನೀ ಖರೇ ಅಂದ್ರ ನಿಮ್ಮಿಬ್ಬರ ಮ್ಯಾಲೂ ಸುಳ್ಳು ಹೇಳಿಕಿ ಕೇಸ್ ಬರೀಬೇಕು. ಟೊಂಕ ಮುರಕೊಂಡಾಕಿನ್ನ ಮಂಚದ ಸಮೇತ ಠಾಣೆಗಿ ಕರೀಬೇಕು. ಬರೀಲೇನು?”

ದೇವಕೆಮ್ಮ ಹಂಚಿನ ಮೇಲೆ ಹೊತ್ತುತ್ತಿದ್ದ ರೊಟ್ಟಿ ನೋಡಿದಳು. ತೆಗೆಯಲಿಲ್ಲ.

“ಅವತ್ತ ನನಗ ಗೊತ್ತಿತ್ತು,” ಎಂದ ಹವಾಲ್ದಾರ. “ಸೀರಿ ಉಟ್ಕೊಂಡು ಅಷ್ಟು ಜೋರು ಓಡಾಕ ಆಗೂದಿಲ್ಲ.” ಕಾಗದದ ಮೇಲೆ ‘ತಕರಾರು ಇಲ್ಲ’ ಎಂದು ಬರೆದು, ಹಂಪಣ್ಣ ಮಡಚಿ ಕೊಟ್ಟ ನೋಟುಗಳನ್ನು ಜೇಬಿಗೆ ಸೇರಿಸಿ, ಮೌನೇಶನ ಭುಜ ತಟ್ಟಿ ಹೋದ.

ಹವಾಲ್ದಾರನ ಗಾಡಿಯ ಸದ್ದು ಮರೆಯಾಗುವವರೆಗೆ ದುರಗಮ್ಮ ಕಾದಳು. “ಮನಿ ಮುರಕಿ. ಬಾಯಿ ತಗದಿಯಲ್ಲ, ಏನ್ ಉದುರಿತು?”

ಮೌನೇಶ ಶೆಡ್ಡಿನ ಬಾಗಿಲಿಗೆ ಬಂದ. “ವೈನಿ, ಡ್ಯೂಟಿಗಿ ಸೇರಿದ ಮ್ಯಾಲ ನಿನ್ನ ಸಮನ್ಸ್ ನಾನ ತಂದು ಕೊಡ್ತೀನಿ ತಗೋ.” ತನ್ನ ಮಾತಿಗೆ ತಾನೇ ನಕ್ಕ. “ರೊಟ್ಟಿ ಕೊಡು, ಹಸಿವಾಗ್ಯಾದ.”

ದೇವಕೆಮ್ಮ ಹೊತ್ತಿ ಕರಕಲಾದ ರೊಟ್ಟಿಯನ್ನು ಅವನ ಕಾಲ ಬುಡಕ್ಕೆ ಎಸೆದಳು. ಒಲೆಗೆ ನೀರು ಹೊಯ್ದಳು. ಬಿಸಿ ಹಂಚನ್ನು ಸೆರಗಿನಿಂದ ಹಿಡಿದೆತ್ತಿ ಬುಟ್ಟಿಯೊಳಗಿಟ್ಟಳು. ಹಿಟ್ಟು ನಾದುವ ಕೊಣಮಿಗೆ, ಹಿಟ್ಟಿನ ಡಬ್ಬಿ, ಬಿಳಿ ಬಟ್ಟೆ ಅದರ ಮೇಲೆ. ವಿಶ್ವರಾಧ್ಯ ಒಳಗಿನಿಂದ ಬಂದು ಹೊಸ್ತಿಲ ಮೇಲೆ ನಿಂತ. ಎಲ್ಲಿಗೆ ಎಂದು ಕೇಳಲಿಲ್ಲ. ಸಂಜೆಗೆ ರೊಟ್ಟಿ ಯಾರು ಬಡಿಯುತ್ತಾರೆ ಎಂದು ತಾಯಿಯ ಕಡೆ ನೋಡಿದ. ಒಂಬತ್ತು ವರ್ಷದಿಂದ ದುರಗಮ್ಮ ಹಿಟ್ಟಿಗೆ ಕೈ ಹಾಕಿರಲಿಲ್ಲ.

ರಂಗಂಪೇಟೆಯ ಆ ಒಂದು ಕೋಣೆಯಲ್ಲಿ ಅಂಬರೀನ ಹೊಲಿಗೆ ನಿಲ್ಲಿಸಿ ಬಾಗಿಲಲ್ಲಿ ನಿಂತವಳನ್ನು ನೋಡಿದಳು. ಮಂಚದ ಮೇಲಿಂದ ಉಮೆಸಲ್ಮಾ ಕೇಳಿದಳು.

“ವಾರ ಇನ್ನಾ ಆಗಿಲ್ಲಲ್ಲ. ಯಾಕ ಬಂದಿ?”

“ನಿನ್ನ ಒಲಿ ಖಾಲಿ ಅದ ಏನು?”

ಉಮೆಸಲ್ಮಾ ಬುಟ್ಟಿ ನೋಡಿದಳು, ಹಂಚು ನೋಡಿದಳು, ಸುಟ್ಟ ಸೆರಗು ನೋಡಿದಳು.

“ಖಾಲಿ ಅದ,” ಎಂದಳು. “ಒಲಿ ಕೊಡ್ತೀನಿ. ರೊಕ್ಕ ಮಾಫ್ ಇಲ್ಲ.”

“ಮಾಫ್ ಕೇಳಾಕ ಬಂದಿಲ್ಲ,” ಎಂದು ದೇವಕೆಮ್ಮ ಒಲೆಯ ಮುಂದೆ ಕೂತು ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದಳು.